ತವರಿನ ಮಷೀನು

ಟೆಂಪೊ ಹಿಂದಕ್ಕೆ ಸರಿಯುತ್ತ ಅಂಗಳಕ್ಕೆ ಬಂದು ನಿಂತಾಗ ಮನ್ಮಥಪ್ಪನ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಲಿಂಗಪೂಜೆ ಮುಗಿಸಿ ಚಹಾ ಕುಡಿಯೋಣವೆಂದು ಹೊರಗೆ ಬಂದರೆ, ಮಗ ಶುಭಂ ಮತ್ತು ಟೆಂಪೊದ ವೈಜಿನಾಥ ಸೇರಿ ಬಟ್ಟೆ ಒಗೆಯುವ ಮಷೀನನ್ನು ಎತ್ತುತ್ತಿದ್ದರು. ಅದರ ಹೊಟ್ಟೆಯಲ್ಲಿ ಉಳಿದಿದ್ದ ನೀರು ಕಟ್ಟೆಯ ಮೇಲೆಲ್ಲ ಚೆಲ್ಲಿತು. ಬಾಗಿಲ ಪಕ್ಕದಲ್ಲಿ ಸೊಸೆ ಸ್ವಪ್ನಾಲಿ ನಿಂತಿದ್ದಳು. ಕಾಲ ಬಳಿ ಅವಳ ಬ್ಯಾಗು.

"ಮಷೀನ್ ಉದಗೀರಕ್ಕ ಹೊಂಟದ, ತಿಳೀತು. ಬ್ಯಾಗ್ ಯಾಕ?" ಎಂದ ಮನ್ಮಥಪ್ಪ.

ಉತ್ತರ ಬಂದದ್ದು ಹೆಂಡತಿ ಕಸ್ತೂರಬಾಯಿಯಿಂದ. "ಲಗ್ನದಾಗ ಮಷೀನ್ ಕೊಟ್ಟವರು ಈಕಿಯ ಅಪ್ಪ. ಕೆಟ್ಟದ್ದು ಅವರೇ ಬದಲಾಯ್ಸಿ ಕೊಡ್ಲಿ. ಹಳೇದು ಕೊಟ್ಟು ಹೊಸಾದು ಒಯ್ಯೋ ಆಫರ್ ಅದ ಅಂತ ಉದಗೀರದಾಗ. ಅಂಬಣ್ಣ ಬೀಗರು ಮುಂಜಾನೇನೇ ವಲಾಂಡಿಯಿಂದ ಹೊಂಟಾರ. ಹೊಸಾ ಮಷೀನ್ ಸಿಕ್ರ ಈಕಿ ಇದೇ ಟೆಂಪೋದಾಗ ವಾಪಸ್ ಬರ್ತಾಳ."

"ಸಿಗಲಿಲ್ಲಂದ್ರ?"

"ಅಪ್ಪನ ಸಂಗಟ ವಲಾಂಡಿಗೆ ಹೋಗ್ಲಿ. ಸಿಕ್ಕಾಗ ಬರ್ಲಿ."

ಸ್ವಪ್ನಾಲಿ ನೆಲ ನೋಡುತ್ತಿದ್ದಳು. ಶುಭಂ ಮಷೀನಿಗೆ ಹಗ್ಗ ಬಿಗಿಯುವುದರಲ್ಲಿ ಎಲ್ಲಿಲ್ಲದ ಆಸಕ್ತಿ ತೋರಿಸುತ್ತಿದ್ದ. "ಆಫರ್ ಸೋಮವಾರ ತನಕಾನೇ ಅದ ಅಪ್ಪಾ" ಎಂದನಷ್ಟೇ.

ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ. ಮಷೀನು ತಿರುಗುವಾಗ ಲೋಹ ಅರೆದಂಥ ಸಪ್ಪಳ ಹೊರಡಿಸಿ ನಿಂತುಬಿಟ್ಟಿತ್ತು. ಹಿಂದಿನ ವಾರ ಮನ್ಮಥಪ್ಪನೇ ಉದಗೀರದ ಸರ್ವಿಸ್ ಸೆಂಟರಿಗೆ ಹೋಗಿ ವಿಚಾರಿಸಿದ್ದ. ಕೌಂಟರಿನ ಹುಡುಗಿ ಸಪ್ಪಳದ ವಿವರ ಕೇಳಿ, ಕಂಪ್ಯೂಟರ್ ನೋಡಿ ಹೇಳಿದ್ದಳು: "ಬೇರಿಂಗ್ ಹೋಗ್ಯಾದ ಕಾಕಾ. ಸಣ್ಣ ವಸ್ತು. ಆದ್ರ ಅದರ ಸುತ್ತ ಟಬ್ ಕೂಡ್ಸಿ ಅಂಟಿಸಿಬಿಟ್ಟಾರ. ಬಿಚ್ಚಲಾಕ ಬರಂಗಿಲ್ಲ, ಪೂರಾ ಟಬ್ಬೇ ಹಾಕಬೇಕು. ಈ ಮಾಡಲ್‌ದು ಟಬ್ ಬರೋದು ಬಂದ್ ಆಗ್ಯಾದ."

"ಬಿಚ್ಚಲಾಕ ಬರದಂಗ ಯಾಕ ಮಾಡ್ತಾರವ್ವ?"

"ಬಿಚ್ಚಲಾಕ ಬಂದ್ರ ಹೊಸಾದು ಯಾರ್ ತಗೋತಾರ ಕಾಕಾ?" ಎಂದು ನಕ್ಕು ಹೊಸ ಮಾಡಲ್ಲಿನ ಚಿತ್ರ ಮುಂದಿಟ್ಟಿದ್ದಳು.

ಇದನ್ನೆಲ್ಲ ಅವನು ಮನೆಯಲ್ಲಿ ಹೇಳಿದ್ದ. ಕಸ್ತೂರಬಾಯಿಗೆ ಅದು ಕಂಪನಿಯ ತಪ್ಪೆನ್ನಿಸಲಿಲ್ಲ, ಬೀಗರ ಕೈ ಬಿಗಿ ಎನ್ನಿಸಿತು.

"ಅತ್ತಿ," ಸ್ವಪ್ನಾಲಿ ಮೊದಲ ಸಲ ಬಾಯಿ ತೆರೆದಳು. "ನಮ್ಮಪ್ಪ ಸೋವಿದು ನೋಡಿ ತಂದಿಲ್ಲ. ಎಲ್ಲಕ್ಕಿಂತ ಛಲೋದ್ ಯಾವುದದ ತೋರಸ್ರಿ ಅಂತ ಕೇಳೇ ತಂದಾನ."

"ನೋಡಿ ತಂದಿದ್ರ ಹಿಂಗಾಗ್ತಿತ್ತಾ? ನನ್ನ ಲಗ್ನದ ಸಾಮಾನೂ ಮಂದಿ ಎತ್ತಿ ಎತ್ತಿ ನೋಡ್ಯಾರ. ಒಬ್ಬರ್ಯಾರರ ಒಂದು ಮಾತಾಡ್ಯಾರಾ? ಆ ಮಿಕ್ಸರ್ ನೋಡು, ಶುಭಂ ಹುಟ್ಟೋಕಿಂತ ಮೊದಲಿಂದು. ಇವತ್ತೂ ಗರಗರ ತಿರಗ್ತದ. ಯಾಕ? ನಮ್ಮಪ್ಪ ಮನಸ್ಸಿಟ್ಟು ಕೊಟ್ಟಾನ."

ಈ ಮಾತನ್ನು ಮನ್ಮಥಪ್ಪ ನೂರು ಸಲ ಕೇಳಿದ್ದ, ನೂರು ಸಲವೂ ಸುಮ್ಮನಿದ್ದ. ತೀರಿಹೋದ ತಾಯಿ ರಂಭಾಬಾಯಿಗೆ ಅವನು ಮಾತು ಕೊಟ್ಟಿದ್ದ. ಅದನ್ನು ಇಂದು ಮುರಿದರೆ ಹೆಂಡತಿಯ ತವರಿನ ಹೆಮ್ಮೆಯೂ ಮುರಿಯುತ್ತದೆ, ಅದೂ ಮಗ, ಸೊಸೆ, ಟೆಂಪೊದವನ ಮುಂದೆ. ಮುರಿಯದಿದ್ದರೆ ಈ ಹುಡುಗಿ ಕೆಟ್ಟ ಮಷೀನಿನ ಜೊತೆ ಟೆಂಪೊ ಹತ್ತುತ್ತಾಳೆ.

ವೈಜಿನಾಥ ಹಾರ್ನ್ ಬಾರಿಸಿದ. "ಕಾಕಾ, ಹೊತ್ತ ಆಗಲತದ. ಬಿಸಲ ಏರಿದ್ರ ನನ್ನ ಗಾಡಿನೂ ಸರ್ವಿಸ್ ಸೆಂಟರಿಗೇ ಹೋಗ್ತದ!"

ಸ್ವಪ್ನಾಲಿ ಬ್ಯಾಗು ಎತ್ತಿಕೊಂಡಳು.

"ಅದೂ ಸುಟ್ಟಿತ್ತು" ಎಂದ ಮನ್ಮಥಪ್ಪ.

"ಏನು?"

"ನಿನ್ನ ಮಿಕ್ಸರ್. ಮೊದಲ ಪಂಚಮಿಗಿ ನೀ ತವರಿಗೆ ನಿಲಂಗಾಕ್ಕ ಹೋಗಿದ್ದಿ. ಅವ್ವ ಹೋಳಿಗೀ ಹೂರಣ ಹಾಕಿ ತಿರುಗಿಸಿದಳು. ಹೂರಣ ಗಟ್ಟಿ ಇತ್ತು, ಬುಸ್ ಅಂತ ಹೊಗಿ ಬಂತು. ನಾನೇ ಚೀಲದಾಗ ಹಾಕ್ಕೊಂಡು ಉದಗೀರಕ್ಕ ಒಯ್ದೆ. ಅಲ್ಲಿ ರಿಪೇರಿಯಂವಾ ಬಿಚ್ಚಿ, ಸುಟ್ಟ ತಂತಿ ತೆಗೆದು, ಹೊಸಾ ತಾಮ್ರದ ತಂತಿ ಸುತ್ತಿ ಕೊಟ್ಟ. ನೀ ಬರೋದ್ರಾಗ ಮಿಕ್ಸರ್ ತನ್ನ ಜಾಗಾದಾಗ ಇತ್ತು. ಮುಂದ ನೀ ಬಾಣಂತನಕ್ಕ ಹೋದಾಗ ಇನ್ನೊಮ್ಮಿ ಸುಟ್ಟದ."

ಕಸ್ತೂರಬಾಯಿಯ ಮುಖ ಕೆಂಪಾಯಿತು. "ಸುಳ್ಳ! ಸೊಸಿನ ಉಳಿಸ್ಲಾಕ ಕಥಿ ಕಟ್ಟಲತೀರಿ."

"ಹಣಿ ಮ್ಯಾಲ ವಿಭೂತಿ ಇನ್ನಾ ಆರಿಲ್ಲ. ಸುಳ್ಳ ಹೇಳ್ಲಾ?"

ಶುಭಂನ ಕೈಯ ಹಗ್ಗ ಸಡಿಲವಾಯಿತು.

"ಮತ್ತ ನನಗ್ಯಾಕ ಹೇಳಲಿಲ್ಲ?" ಕಸ್ತೂರಬಾಯಿಯ ದನಿ ಈಗ ಬೇರೆಯಾಗಿತ್ತು. "ಇಷ್ಟು ವರ್ಷ?"

"ಅವ್ವ ಬ್ಯಾಡ ಅಂದಳು. 'ಹುಡುಗಿಗಿ ತಿಳದ್ರ ತವರಿಗಿ ಹೇಳಿ ಕಳಸ್ತಾಳ. ಅವರಪ್ಪ ತಲಿ ತಗ್ಗಿಸ್ಕೊಂಡು ಇನ್ನೊಂದು ಹೊತ್ಗೊಂಡು ಬರ್ತಾನ. ನಮ್ಮ ಮನ್ಯಾಗ ಸುಟ್ಟದ್ದು, ನಾವೇ ಮಾಡಸಬೇಕು' ಅಂದಳು. ಆಗಿನ ವಸ್ತಾನೂ ಕೆಡ್ತಿದ್ದವು. ಬಿಚ್ಚಲಾಕ ಬರ್ತಿತ್ತು ಅಂತ ಉಳದಾವ. ಇದನ್ನ ಅಂಟಿಸಿ ಕೊಟ್ಟಾರ. ಅದಕ್ಕ ಆ ವಲಾಂಡಿ ಮನಷ್ಯಾ ಏನು ಮಾಡ್ಯಾನು?"

ಕಸ್ತೂರಬಾಯಿ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅಷ್ಟರಲ್ಲಿ ಸ್ವಪ್ನಾಲಿಯ ಫೋನ್ ರಿಂಗಾಗತೊಡಗಿತು.

"ಅಪ್ಪಂದು" ಎಂದಳು ಸ್ವಪ್ನಾಲಿ. ಎತ್ತಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಕಸ್ತೂರಬಾಯಿ ಕೈ ಚಾಚಿದಳು. ಸೊಸೆ ಗಂಡನ ಮುಖ ನೋಡಿದಳು, ಮಾವನ ಮುಖ ನೋಡಿದಳು, ಫೋನ್ ಕೊಟ್ಟಳು.

ಅಂಬಣ್ಣನ ದೊಡ್ಡ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಸ್ವಪ್ನಾ, ಅಂಗಡಿ ಮುಂದೇ ನಿಂತೀನವ್ವ. ನಿಮ್ಮ ಅತ್ತಿಯವರಿಗಿ ಕೇಳು, ಯಾವ ಕಂಪನೀದು ಬೇಕಂತ. ಈ ಸಲ ಅವರು ಹೇಳಿದ್ದೇ ತರ್ತೀನಿ. ಸಿಟ್ಟ ಮಾಡ್ಕೋಬ್ಯಾಡ್ರಿ ಅಂತ ಹೇಳವ್ವ."

"ಹಲೋ? ಸ್ವಪ್ನಾ?" ಎಂದು ಆ ಕಡೆಯ ದನಿ ಗಾಬರಿಯಾಯಿತು.

"ನಾ ಕಸ್ತೂರಬಾಯಿ ರೀ, ಬೀಗರೇ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಏನೂ ತರಬ್ಯಾಡ್ರಿ. ಮಷೀನ್ ಛಲೋ ಅದ. ಸ್ವಲ್ಪ ಸಪ್ಪಳ ಮಾಡ್ತಿತ್ತು, ನಾವೇ ಮಾಡಸ್ಕೊಂಡೀವಿ... ಹೂಂ ರೀ, ತಿರಗಲತದ... ಅಲ್ಲೀತನ ಬಂದೀರಿ, ಹಂಗೇ ಹೋಗಬ್ಯಾಡ್ರಿ. ಇಲ್ಲಿಗೇ ಊಟಕ್ಕ ಬರ್ರಿ."

ಫೋನಿಟ್ಟು ಅವಳು ಟೆಂಪೊದ ಕಡೆ ತಿರುಗಿದಳು. ವೈಜಿನಾಥ ತಲೆ ಕೆರೆದುಕೊಂಡ. "ಈಗ ಒಯ್ಲ್ಯೋ, ಇಳಸ್ಲ್ಯೋ ಕಾಕೀ?"

"ಇಳಸು. ಇದ್ದ ಜಾಗಾಕ್ಕೇ ಇಡು. ಸ್ವಪ್ನಾಲಿ, ಆ ಬ್ಯಾಗ್ ಒಳಗಿಟ್ಟು ಒಗ್ಯಾಣ ಎಲ್ಲಾ ತಗೊಂಡು ಬಾ. ಮಷೀನ್ ತಿರಗಲತದ ಅಂತ ಹೇಳೀನಿ, ಬೀಗರು ಬರೋದ್ರಾಗ ಅಷ್ಟೂ ಬಟ್ಟಿ ಹಗ್ಗದ ಮ್ಯಾಲ ಇರಬೇಕು."

ಸ್ವಪ್ನಾಲಿ ಗುಡ್ಡದಷ್ಟು ಬಟ್ಟೆ ತಂದು ಕಟ್ಟೆಯ ಮೇಲೆ ಸುರಿದಳು. ಕಸ್ತೂರಬಾಯಿ ಸೀರೆ ಎತ್ತಿ ಕಟ್ಟಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತಳು. ಶುಭಂ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟಿದ್ದ.

"ಎಲ್ಲಿ ಹೊಂಟಿ?" ಎಂದಳು ಕಸ್ತೂರಬಾಯಿ.

"ಜರಾ ಚೌಕಿಗಿ..."

"ಇದರಾಗ ನಿನ್ನ ಪ್ಯಾಂಟೇ ಜಾಸ್ತಿ ಅದಾವ. ಚಪ್ಪಲ್ ಬಿಡು, ಬಾ ಇಲ್ಲಿ, ಕೂಡು."