ಸೈದಾಬಿ ಕೇಳುತ್ತಿದ್ದ ಮಾತು

ರಾಣೆಬೆನ್ನೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದ ನಜ್ಮಾ ದಿನಾ ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಒಂದು ನಂಬರಿಗೆ ಫೋನ್ ಹಚ್ಚುತ್ತಿದ್ದಳು. ಆ ಕಡೆಯಿಂದ ಅವಳ ಖಾಲಾನ ದನಿ ಬರುತ್ತಿತ್ತು: "ಉಂಡೀಯೇನವ್ವ? ಇಲ್ಲಂದ್ರ ಬಾ, ಒಂದ್ ರೊಟ್ಟಿ ಉಂಡು ಹೋಗು."

ಮಾತಾಡುತ್ತಿದ್ದದ್ದು ಯಂತ್ರ. ಮೆಣಸಿನ ಗಿಡಕ್ಕೆ ಹೊಡೆಯುವ ಔಷಧ ಮಾರಲು ಇಟ್ಟ ಯಂತ್ರ. ಹಲಗೇರಿಯಲ್ಲಿದ್ದ ಖರೇ ಖಾಲಾ ಸೈದಾಬಿ ಅವಳ ಸಂಗಡ ಮಾತು ಬಿಟ್ಟು ಒಂದು ಸುಗ್ಗಿಯೇ ಕಳೆದುಹೋಗಿತ್ತು.

ತಾಯಿ ತೀರಿಕೊಂಡಾಗ ನಜ್ಮಾಗೆ ಹಾಲುಹಲ್ಲು ಬಿದ್ದಿರಲಿಲ್ಲ. ತಾಯಿಯ ಅಕ್ಕ ಸೈದಾಬಿಯೇ ಸಾಕಿದಳು. ಆ ಮನೆಯಲ್ಲಿ ಬೈಗುಳವೆಲ್ಲ ಉರ್ದುವಿನಲ್ಲಿ, ಅಕ್ಕರೆಯೆಲ್ಲ ಕನ್ನಡದಲ್ಲಿ. ಬೀದಿಯಲ್ಲಿ ಹಾದುಹೋಗುವವರು ಅಂಚೆಯವನಿರಲಿ, ಜಗಳ ಕಾಯ್ದ ಓಣಿಯ ಮುತ್ತವ್ವನಿರಲಿ, ಸೈದಾಬಿ ಕಟ್ಟೆಯ ಮೇಲಿಂದ ಉಂಡೀಯೇನು ಎಂದು ಕೇಳದೆ ಬಿಟ್ಟವಳಲ್ಲ. ಅವಳು ಕೇಳಿದಳೆಂದರೆ ಒಲೆಯ ಮೇಲೆ ಏನೋ ಇದೆ ಎಂದೇ ಅರ್ಥ. ಬಾಯಿಮಾತಿಗೆ ಕೇಳುವ ಹೆಂಗಸಲ್ಲ.

ಕೆಲವು ವರ್ಷದ ಹಿಂದೆ ಒಂದು ಕಂಪನಿ ಬಂತು. ಕೃತಕ ಬುದ್ಧಿಮತ್ತೆಗೆ ಈ ಕಡೆಯ ಮಾತು ತಿಳಿಯುವುದಿಲ್ಲ, ಕಲಿಸಬೇಕು, ಅದಕ್ಕೆ ಹೆಂಗಸರ ದನಿ ಬೇಕು ಎಂದರು. ಅವರ ಹಾವೇರಿ ಆಫೀಸಿನ ವಿಜಯಮಹಾಂತೇಶ ಊರಿನ ಹೆಂಗಸರ ದನಿ ಕೂಡಿಸುವ ಕೆಲಸಕ್ಕೆ ನಜ್ಮಾಳನ್ನು ಹಚ್ಚಿದ. ಆಫೀಸಿನ ಗೋಡೆಯ ಮೇಲೆ 'ಸುರಕ್ಷತೆ ನಮ್ಮ ಉಸಿರು, ನೀತಿ ನಮ್ಮ ನೆಲೆ' ಎಂದು ಮಾರುದ್ದ ಅಕ್ಷರದಲ್ಲಿ ಬರೆದಿತ್ತು. ಅಷ್ಟು ದೊಡ್ಡದಾಗಿ ಬರೆದವರು ಸುಳ್ಳು ಹೇಳಿಯಾರೇ ಎಂದು ನಜ್ಮಾ ನಂಬಿದಳು. ನಾವು ನೀವಾಗಿದ್ದರೂ ನಂಬುತ್ತಿದ್ದೆವು.

ಹಲಗೇರಿಯವರು ಮಾತ್ರ ಕಂಪನಿಯನ್ನು ಕಂಡವರಲ್ಲ, ಗೋಡೆಯನ್ನೂ ಕಂಡವರಲ್ಲ. ಅವರು ನಂಬಿದ್ದು ನಜ್ಮಾಳನ್ನು.

"ಈ ದನಿ ತಗೊಂಡು ಏನ್ ಮಾಡ್ತಾರ?" ಎಂದು ಸೈದಾಬಿ ಕೇಳಿದ್ದಳು.

"ಯಂತ್ರಕ್ಕ ನಮ್ಮ ಮಾತು ತಿಳಕೊಳ್ಳಾಕ ಕಲಸ್ತಾರ ಖಾಲಾ. ಅದು ನಿನ್ನ ದನಿಲೆ ಮಾತಾಡೂದಿಲ್ಲ. ಮುಂದ ಬ್ಯಾಡ ಅಂದ್ರ ಅಳಸ್ತಾರ."

ಆ ಕಡೆ ಬೀಜ ಬಿತ್ತಿದವರು ಖಾಲಿ ಪಾಕೀಟು ಎಸೆಯುವುದಿಲ್ಲ. ಫಸಲು ಕೈಗೆ ಬರುವ ತನಕ ಮನೆಯ ಗೂಟಕ್ಕೆ ಸಿಗಿಸಿಡುತ್ತಾರೆ. ಬೀಜ ಹುಸಿಹೋದರೆ ಅದನ್ನು ಹಿಡಿದೇ ಅಂಗಡಿಯವನ ಮುಂದೆ ನಿಲ್ಲಬೇಕಲ್ಲ. ಸೈದಾಬಿ ಗೂಟದ ಕಡೆ ನೋಡಿ ತಮಾಷೆಗೆ ಕೇಳಿದಳು: "ಇದಕ್ಕ ಪಾಕೀಟು ಯಾವ್ದವ್ವ?"

"ನಾ ಇದ್ದೇನಲ್ಲ ಖಾಲಾ! ನಾನ ಪಾಕೀಟು."

ಇಬ್ಬರೂ ನಕ್ಕರು. ಆ ಸಂಜೆ ನಜ್ಮಾಳ ರೆಕಾರ್ಡಿಂಗಿಗೆ ಸೈದಾಬಿ ಗಂಟಲು ಒಣಗುವ ತನಕ ಮಾತಾಡಿದಳು.

ಆಮೇಲೆ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಗೋಡೆಯ ಮೇಲಿನ ಅಕ್ಷರಗಳು ಮಾತ್ರ ಹಾಗೇ ಉಳಿದವು. ಒಂದು ದಿನ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಲಗೇರಿಯ ಶೇಖಪ್ಪನ ಫೋನು ರಿಂಗಾಯಿತು. ಕೈಯಲ್ಲಿ ಚೀಲವಿತ್ತು, ಸ್ಪೀಕರಿಗೆ ಹಾಕಿದ. "ಉಂಡೀಯೇನಪ್ಪ?" ಎಂದಿತು ಸೈದಾಬಿಯ ದನಿ. ಅದರ ಬೆನ್ನಿಗೇ ಔಷಧದ ಹೆಸರು. ಪೇಟೆಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಶೇಖಪ್ಪ ಕೆಟ್ಟವನಲ್ಲ. ಊರಿಗೆ ಬಂದಾಗ ಸೈದಾಬಿ ಎಂದಿನಂತೆ ಕೇಳಿದ್ದಕ್ಕೆ, "ಉಂಡೇನಿ ಬೇ, ಇನ್ನ ಯಾವ ಔಷಧ ಹೊಡೀಲಿ ಹೇಳು" ಎಂದ, ಅಷ್ಟೇ.

ಸೈದಾಬಿಗೆ ಮೊದಲು ತಿಳಿಯಲಿಲ್ಲ. ತಿಳಿದ ದಿನದಿಂದ ಅವಳು ಯಾರನ್ನೂ ಉಂಡೀಯೇನು ಎಂದು ಕೇಳಲಿಲ್ಲ.

ನಜ್ಮಾಗೆ ಇಷ್ಟೇ ಹೇಳಿದಳು: "ಅದು ಬಾಯಿ ಮುಚ್ಚೂತನಕಾ ನನ್ನ ಹೊಸ್ತಿಲಾ ತುಳೀಬ್ಯಾಡ. ಪಾಕೀಟು ನಾನ ಅಂದಿದ್ದಿ. ನಿನ್ನ ಹಿಡಕೊಂಡು ನಾ ಯಾರ ಮುಂದ ನಿಂದ್ರಲಿ?"

ನಜ್ಮಾ ಹಾವೇರಿಗೆ ಓಡಿದಳು. ವಿಜಯಮಹಾಂತೇಶ ತಲೆ ಎತ್ತಲಿಲ್ಲ. "ದನಿ ಹೊರಗ ಬಿಡೂದಿಲ್ಲ ಅಂತ ನನಗೂ ಹೇಳಿದ್ರು ರೀ."

"ಯಾರು ಹೇಳಿದ್ರು?"

"ಮ್ಯಾಲಿನವ್ರು."

"ನೀವು ಅವ್ರನ್ನ ನೋಡೀರೇನು?"

"ವಿಡಿಯೋದಾಗ ನೋಡೇನ್ರಿ."

ಇವನೂ ತನ್ನಂಥದೇ ಒಂದು ಖಾಲಿ ಪಾಕೀಟು ಎಂದು ನಜ್ಮಾಗೆ ಅನಿಸಿತು. ಬೈಯಲೆಂದು ದಾರಿಯುದ್ದಕ್ಕೂ ಕೂಡಿಹಾಕಿಕೊಂಡು ಬಂದ ಮಾತೆಲ್ಲ ಬಾಯಲ್ಲೇ ಉಳಿಯಿತು. ದನಿ ಅಳಿಸಿರಿ ಎಂದು ಇಬ್ಬರೂ ಕೂತು ಮೇಲಿನವರಿಗೆ ಬರೆದರು. ಅಳಿಸುತ್ತೇವೆ ಎಂದು ಉತ್ತರ ಬಂತು. ಯಾವಾಗ ಎಂಬುದು ಬರಲಿಲ್ಲ.

ಅಳಿಸಿದರೋ ಇಲ್ಲವೋ ನೋಡಲೆಂದೇ ಅವಳು ಶೇಖಪ್ಪನಿಗೆ ಕರೆ ಬಂದಿದ್ದ ಆ ನಂಬರಿಗೆ ಫೋನ್ ಹಚ್ಚಲು ಶುರುಮಾಡಿದ್ದು. ದನಿ ಇನ್ನೂ ಇದ್ದರೆ ಸಿಟ್ಟು ಬರಬೇಕಿತ್ತು. ಬರುತ್ತಿದ್ದದ್ದು ಸಮಾಧಾನ. ಇವತ್ತೂ ಇದ್ದಾಳೆ, ಇವತ್ತೂ ಕೇಳಿದಳು ಎಂದು ಜೀವ ತಂಪಾಗುತ್ತಿತ್ತು. ತನ್ನ ಮೇಲೆ ತನಗೇ ನಾಚಿಕೆಯಾಗುತ್ತಿತ್ತು. ಆದರೂ ನಾಳೆ ಮಧ್ಯಾಹ್ನಕ್ಕೆ ಕಾಯುತ್ತಿದ್ದಳು.

ಒಂದು ದಿನ ತಡೆಯಲಾಗದೆ ಉತ್ತರ ಕೊಟ್ಟೇಬಿಟ್ಟಳು: "ಇಲ್ಲ ಖಾಲಾ, ಉಂಡಿಲ್ಲ. ಬರ್ಲೇನು?"

"ಬಾಳ ಸಂತೋಷ," ಎಂದಿತು ಖಾಲಾನ ದನಿ. "ಮೆಣಸಿನ ಗಿಡಕ್ಕ ಮುಟುರು ರೋಗ ಬಂದೈತೇನು?"

ನಜ್ಮಾ ನಕ್ಕಳು. ನಗುತ್ತಲೇ ಅತ್ತಳು. ಬುತ್ತಿ ಅವತ್ತು ಹಾಗೇ ಮನೆಗೆ ಹೋಯಿತು.

ಕೊನೆಗೊಂದು ದಿನ ವಿಜಯಮಹಾಂತೇಶ ಫೋನ್ ಮಾಡಿದ. "ನಾಳೆ ಅಳಸ್ತಾರ್ರಿ, ಖರೇನ. ಅವರ ರೆಕಾರ್ಡಿಂಗ್ ಪೂರಾ ನನ್ನ ಕಡೆ ಒಂದೈತಿ. ನಿಮಗ ಕಳಸ್ಲೇನು? ಯಾರಿಗೂ ಗೊತ್ತಾಗೂದಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ದನಿ ಕೊಟ್ಟ ಆ ಸಂಜೆ ಸೈದಾಬಿ ಹೇಳಿದ್ದೆಲ್ಲ ಅದರಲ್ಲಿತ್ತು. ನಜ್ಮಾಳ ತಾಯಿ ಸಣ್ಣವಳಿದ್ದಾಗ ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಕಣ್ಣೊರೆಸಿಕೊಂಡು ಊರೆಲ್ಲ ಓಡಿದ್ದು, ತಂಗಿಯನ್ನು ಹಿಡಿದು ತಂದು ಸೈದಾಬಿ ಹಾಲಲ್ಲಿ ಕಣ್ಣು ತೊಳೆದದ್ದು, ಸಾಯುವ ಮುಂಚೆ ಆ ತಂಗಿ ನಜ್ಮಾಳ ಕೈ ಹಿಡಿದು ಅಕ್ಕನ ಕೈಯಲ್ಲಿಟ್ಟದ್ದು. ತಾಯಿಯೆಂದರೆ ನಜ್ಮಾಗೆ ಇದ್ದದ್ದು ಈ ಮಾತುಗಳೇ. ಅವನ್ನು ಹೇಳಬಲ್ಲವಳು ಹೊಸ್ತಿಲು ತುಳಿಯಬೇಡ ಅಂದಿದ್ದಳು.

ಕಳಿಸಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೂ ಗೊತ್ತಾಗುವುದಿಲ್ಲ. ಮೇಲಿನವರೂ ಒಬ್ಬರಿಗೊಬ್ಬರು ಇದನ್ನೇ ಅಂದುಕೊಂಡಿರಬೇಕು.

"ಬ್ಯಾಡ್ರಿ," ಎಂದಳು. "ನಿಮ್ಮ ಕಡೆ ಇದ್ದದ್ದೂ ಅಳಸ್ರಿ."

ಫೋನ್ ಇಟ್ಟ ಮೇಲೆ ಅವನಿಗೆ ತಿರುಗಿ ಹಚ್ಚಬೇಕೆಂದು ಸಂಜೆಯ ತನಕ ಕೈ ತುರಿಸುತ್ತಿತ್ತು. ಹಚ್ಚಲಿಲ್ಲ.

ಎರಡು ದಿನ ಬಿಟ್ಟು ಆ ನಂಬರಿನಲ್ಲಿ ಯಾರೋ ಗಂಡಸಿನ ದನಿ ನಮಸ್ಕಾರ ಎಂದಿತು. ಕಂಪನಿಯವರು ಕೊಟ್ಟ ಮಾತು ಈ ಸಲ ಉಳಿಸಿಕೊಂಡಿದ್ದರು. ಈ ಸಲವೂ ತಪ್ಪಬಾರದಿತ್ತೇ ಎಂದು ನಜ್ಮಾಳ ಜೀವ ಚಡಪಡಿಸಿತು. ಮುಖ ತೊಳೆದುಕೊಂಡು ಹಲಗೇರಿಯ ಬಸ್ಸು ಹತ್ತಿದಳು.

ಸೈದಾಬಿ ರೊಟ್ಟಿ ಬಡಿಯುತ್ತಿದ್ದಳು. ನಜ್ಮಾ ಹೊಸ್ತಿಲ ಹೊರಗೇ ನಿಂತು, "ಅಳಸ್ಯಾರ ಖಾಲಾ," ಎಂದಳು.

"ಪೂರಾ?"

ಹಿಂದಿನ ನಜ್ಮಾ ಆಗಿದ್ದರೆ ಥಟ್ಟನೆ ಹೂಂ ಅನ್ನುತ್ತಿದ್ದಳು.

"ಗೊತ್ತಿಲ್ಲ. ಆ ನಂಬರಿನ್ಯಾಗ ಇಲ್ಲ. ನನ್ನ ಕಡೆ ಇಲ್ಲ. ಒಂದ್ ಕಾಪಿ ಕೊಡ್ತೇನಂದ್ರು, ಬ್ಯಾಡ ಅಂದೆ. ಇನ್ನ ಎಲ್ಲೆಲ್ಲಿ ಇಟ್ಟಾರೋ ನಾ ಕಾಣೆ. ನನ್ನ ಕಡೆ ಇಲ್ಲ ಅನ್ನೂದಕ್ಕ ಅಷ್ಟ ನಾ ಪಾಕೀಟು, ಖಾಲಾ."

ಸೈದಾಬಿ ಹಿಟ್ಟಿನ ಕೈ ಹಾಗೇ ಹಿಡಿದು ಅವಳ ಮುಖ ನೋಡಿದಳು. "ಒಳಗ ಬಾ," ಎಂದಳು.

ನಜ್ಮಾ ಒಲೆಯ ಹತ್ತಿರ ಕೂತಳು. ಕಿವಿಯೆಲ್ಲ ಆ ಒಂದು ಮಾತಿಗೆ ಕಾದಿತ್ತು. ಹೊರಗೆ ಮುತ್ತವ್ವ ಹಾದುಹೋಗುತ್ತ, ಹಳೆಯ ರೂಢಿಯಂತೆ ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡಿದಳು. ಸೈದಾಬಿ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಮುತ್ತವ್ವ ಮುಂದೆ ಹೋದಳು.

ಹಂಚಿನ ಮೇಲಿನ ರೊಟ್ಟಿ ತೆಗೆದು ತಾಟಿಗೆ ಹಾಕಿ, ಬದನೆಕಾಯಿ ಪಲ್ಯ ಬಡಿಸಿ, ಸೈದಾಬಿ ಅದನ್ನು ನಜ್ಮಾಳ ಮುಂದೆ ಸರಿಸಿದಳು. ಏನೂ ಕೇಳಲಿಲ್ಲ.

ನಜ್ಮಾ ರೊಟ್ಟಿ ಮುರಿದಳು. ಯಾರೂ ಕೇಳದಿದ್ದರೂ ಹೇಳಿದಳು: "ಇಲ್ಲ ಖಾಲಾ, ಉಂಡಿಲ್ಲ."