ಹಳ್ಳಕ್ಕೆ ಹೊರಟ ಚಿಪ್ಪು

"ಉಗಿಯೇ ಮೂದೇವಿ! ಬಾಯಲ್ಲಿರೋದನ್ನ ಉಗಿ!"

ದಡದಲ್ಲಿ ಕೊಡೆ ಹಿಡಿದು ಕೂತಿದ್ದ ಮೇಸ್ತ್ರಿ ದಯಾಳನ್ ಎದ್ದು ಬಂದ. ಸೊಂಟಮಟ್ಟದ ಉಪ್ಪುನೀರಿನಲ್ಲಿ ಬಗ್ಗಿದ್ದ ಪೂಂಗಾವನಂ, ಹಲ್ಲಲ್ಲಿ ಕಚ್ಚಿಕೊಂಡಿದ್ದ ತಾಳೆಗರಿಯ ಚೀಲವನ್ನು ಬಿಡಲಿಲ್ಲ. ಇರುಳ ಬುಡಕಟ್ಟಿನ ಹೆಂಗಸರು ಸೀಗಡಿ ಹಿಡಿಯುವುದೇ ಹಾಗೆ. ಎರಡು ಕೈಯೂ ಕೆಸರಿನಲ್ಲಿ, ಚೀಲ ಹಲ್ಲಿನಲ್ಲಿ. ಯಾರು ಏನು ಬೈದರೂ ತಿರುಗಿ ಬೈಯುವ ಹಾಗಿಲ್ಲ.

"ಚಿಪ್ಪು ಕೀಳೋಕೆ ಕೂಲಿ ಕೊಟ್ರೆ ಸೀಗಡಿ ಕದೀತಾಳೆ, ಇಲಿ ತಿನ್ನೋ ಮುಂಡೆ!"

ದಡದಿಂದಲೇ ಬಗ್ಗಿ ಚೀಲ ಕಿತ್ತುಕೊಂಡು ನೆಲಕ್ಕೆ ಬೋರಲು ಹಾಕಿದ. ಮೂರೋ ನಾಕೋ ಸೀಗಡಿ ಬಿದ್ದವು. ಚಪ್ಪಲಿಯಲ್ಲಿ ಹೊಸಕಿ ಹಾಕಿದ. ಪೂಂಗಾವನಂಗೆ ಸಿಟ್ಟು ಕೂಡ ಬರಲಿಲ್ಲ. ಬೆಳಗಿನಿಂದ ಬೆರಳುಗಳಿಗೆ ಹಿಡಿದ ಜೋಮು ಈಗ ಮನಸ್ಸಿಗೂ ಹತ್ತಿದಂತಿತ್ತು.

ಹಡಗುಗಳ ತಳಕ್ಕೆ ಅಂಟಿಕೊಂಡು ಯಾವ ಸೀಮೆಯಿಂದಲೋ ಬಂದದ್ದು ಈ ಕರಿಚಿಪ್ಪು. ಊರವರು ಕಾಕಾ ಆಳಿ ಅನ್ನುತ್ತಾರೆ. ಅಳಿವೆಯ ತಳಕ್ಕೆಲ್ಲ ಕಂಬಳಿ ಹೊದಿಸಿದ ಹಾಗೆ ಹಬ್ಬಿತು. ಸೀಗಡಿ ಹುದುಗುವುದಕ್ಕೆ ಕೆಸರೇ ಇಲ್ಲ, ಕೈ ಹಾಕಿದರೆ ಕೊಯ್ಯುತ್ತದೆ. ಬಡವರ ಬೆರಳು ಕೊಯ್ದಷ್ಟು ದಿನ ಯಾರೂ ಇತ್ತ ತಲೆ ಹಾಕಲಿಲ್ಲ. ದೊಡ್ಡ ದೋಣಿಗಳ ಕಾಲುವೆಯನ್ನೇ ಚಿಪ್ಪು ಮುಚ್ಚಿಕೊಂಡಾಗ ಸರ್ಕಾರ ಅದನ್ನು ಕೀಳಿಸಲು ಗುತ್ತಿಗೆ ಕೊಟ್ಟಿತು. ಗುತ್ತಿಗೆದಾರನಿಗೆ ಇರುಳರ ನೆನಪಾಗುವುದು ಇಂಥ ಕೆಲಸಕ್ಕೇ ಅಲ್ಲವೆ? ಕೈಗವಸು ಕೇಳಿದ್ದಕ್ಕೆ, "ನಿಮ್ಮ ಚರ್ಮಕ್ಕೆ ಅದೊಂದು ಕೇಡು" ಎಂದು ನಕ್ಕಿದ್ದ.

ಮಧ್ಯಾಹ್ನದ ಹೊತ್ತಿಗೆ ಕಾಲುವೆ ತೆರವಾಗಿ, ಕಿತ್ತದ್ದನ್ನು ಹಾಕುತ್ತಿದ್ದ ದೋಣಿ ತುಂಬಿತು. ಕಿತ್ತ ಚಿಪ್ಪನ್ನು ಊರಾಚೆ ಹೂಳಬೇಕೆಂದು ಮಾತಾಗಿತ್ತು.

"ಲಾರಿ ಎಲ್ಲಣ್ಣಾ?" ಪೂಂಗಾವನಂಳ ಅತ್ತೆ ದೇಶಮ್ಮ ಕೇಳಿದಳು.

"ಲಾರಿನೂ ಇಲ್ಲ, ನಿನ್ ತಿಥಿನೂ ಇಲ್ಲ. ಆ ತಾಳೆಹಳ್ಳಕ್ಕೆ ಸುರಿದು ಬನ್ನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ತಾಳೆಹಳ್ಳಕ್ಕೆ ಮಾತ್ರ ಚಿಪ್ಪು ಇನ್ನೂ ಬಂದಿರಲಿಲ್ಲ. ಇರುಳರಿಗೆ ಸೀಗಡಿ ಸಿಗುವ ಜಾಗ ಅಂತ ಉಳಿದಿದ್ದುದು ಅದೊಂದೇ.

"ಜೀವ ಇರೋ ಚಿಪ್ಪು ಕಣಣ್ಣ. ಅಲ್ಲೂ ಹಬ್ಕೊಂಡ್ಬುಡ್ತದೆ. ಆಮೇಲೆ ನಾವೇನ್ ಮಣ್ಣು ತಿನ್ನಾದಾ?" ಅಂದಳು ದೇಶಮ್ಮ.

"ಹಳ್ಳ ನಿಮ್ಮಪ್ಪಂದಾ? ಪಟ್ಟಾ ತೋರ್ಸು."

"ನಮ್ಮಪ್ಪ ಅಲ್ಲೇ ಸತ್ತಿದ್ದು."

"ನೀನೂ ಹೋಗಿ ಅಲ್ಲೇ ಸಾಯಿ. ಸುರೀದೆ ಬಂದ್ರೆ ಒಬ್ಳಿಗೂ ಕೂಲಿ ಇಲ್ಲ, ನೆಪ್ಪಿರ್ಲಿ."

ಅಷ್ಟರಲ್ಲಿ ಜೀಪು ಬಂತು. ಇಲಾಖೆಯ ಅಧಿಕಾರಿ ಕ್ಯಾಮೆರಾದವನೊಬ್ಬನ ಜತೆ ಇಳಿದು, ಕನ್ನಡಕ ಸರಿಮಾಡಿಕೊಂಡು ನೀರು ನೋಡಿದರು.

"ಭೇಷ್! ಚಿಪ್ಪೆಲ್ಲ ಎಲ್ಲಿ ಹೂಳ್ತಿದೀರಿ?"

"ಊರಾಚೆ ಸಾರ್. ಆಳವಾಗಿ ಗುಂಡಿ ತೋಡ್ಸಿದೀನಿ," ಅಂದ ದಯಾಳನ್.

"ಗುಡ್. ಒಂದು ಫೋಟೋ ಇರಲಿ. ಏನಮ್ಮಾ, ಸ್ವಲ್ಪ ನಗಬಾರದಾ?"

ಪೂಂಗಾವನಂ ನಗಲಿಲ್ಲ. ದೋಣಿಯಿಂದ ಒಂದು ಬಾಂಡ್ಲಿ ಚಿಪ್ಪು ಎತ್ತಿ, ಈಗತಾನೆ ತೆರವಾದ ಕಾಲುವೆಗೆ ಸುರಿದಳು. ಇನ್ನೊಂದು ಬಾಂಡ್ಲಿ ತುಂಬಿದಳು.

"ಏಯ್! ಏನೇ ಮಾಡ್ತಿದೀಯಾ?" ದಯಾಳನ್ ಕೂಗಿದ.

"ಎಲ್ ಕಿತ್ನೋ ಅಲ್ಲಿಗೇ ಹಾಕ್ತಿದೀನಿ. ನಮ್ ಹಳ್ಳಕ್ಕೆ ಹಾಕಲ್ಲ."

"ಕೂಲಿ ಬ್ಯಾಡ್ವೇನೇ ಬೋಸುಡಿ?"

"ನೀನೇ ಉಣ್ಣು."

ದೇಶಮ್ಮ ತಾನೂ ಒಂದು ಬಾಂಡ್ಲಿ ಎತ್ತಿದಳು. ಅವಳ ಹಿಂದೆ ಉಳಿದವರು. ಅಧಿಕಾರಿ ಕ್ಯಾಮೆರಾದವನ ಕೈ ಕೆಳಗಿಳಿಸಿದರು.

ದಯಾಳನ್ ಪಂಚೆ ಎತ್ತಿಕಟ್ಟಿ ನೀರಿಗೆ ಹಾರಿದ. ಕೆಸರಿಗೆ ಚಪ್ಪಲಿ ಕಚ್ಚಿಕೊಂಡು ಕಾಲಿಂದ ಜಾರಿತು. ಮುಂದಿನ ಹೆಜ್ಜೆ ಹೊಸದಾಗಿ ಸುರಿದ ಚಿಪ್ಪಿನ ಮೇಲೆ. ಅಂಗಾಲು ಸೀಳಿದ್ದೇ ತಡ, ಅಳಿವೆಯ ಕೊಕ್ಕರೆಗಳೆಲ್ಲ ಎದ್ದು ಹಾರುವ ಹಾಗೆ ಅರಚಿಕೊಂಡು ಕುಕ್ಕರಿಸಿದ. ಊರಿಕೊಂಡ ಅಂಗೈಯೂ ಕೊಯ್ದಿತು.

"ಅಯ್ಯಯ್ಯೋ! ಕೈ ಕೊಡ್ರೇ... ಯಾರಾದ್ರೂ ಕೈ ಕೊಡ್ರೇ!"

ದೋಣಿಯಲ್ಲಿ ಇನ್ನೂ ಅರ್ಧದಷ್ಟು ಚಿಪ್ಪು ಉಳಿದಿತ್ತು. ಯಾರ ಕೈಯೂ ಖಾಲಿ ಇರಲಿಲ್ಲ.