ಎಡಗಡೆಯ ಗುಂಡಿ

“ಅಕ್ಷರ ಕಂಡರೆ ಜ್ವರ ಬರುತ್ತೆ ಅಂತ ಏಳನೇ ಕ್ಲಾಸಿಗೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿದವನು ಇವನು. ಇವತ್ತು ಕಾಗದ ಪೂರ್ತಿ ಓದಿ ಆಮೇಲೆ ಸೈನ್ ಹಾಕ್ತಾನಂತೆ. ನೋಡ್ರಪ್ಪಾ, ನಮ್ಮನೇಲಿ ಜಡ್ಜ್ ಹುಟ್ಟಿದಾನೆ.”

ಶೆಡ್ಡಿನ ಅಷ್ಟೂ ಜನ ನಕ್ಕರು. ಕೆಲವರು ನಗು ಬಂದದ್ದಕ್ಕೆ, ಮಿಕ್ಕವರು ಹೇಳಿದವನು ಫೋರ್‌ಮನ್ ಅನ್ನುವುದಕ್ಕೆ. ಮಗ ಮಾತ್ರ ನಗಲಿಲ್ಲ. ಫೋರ್‌ಮನ್ ಅವನ ಅಪ್ಪ. ಚರ್ಚಿನ ಸಭೆಯ ಹಿರಿಯ, ಭಾನುವಾರದ ಪ್ರಾರ್ಥನೆಯಲ್ಲಿ ಮುಂದಿನ ಸಾಲಿನವನು.

ತಗಡಿನ ಮುಚ್ಚಳ ಒತ್ತುವ ಯಂತ್ರಗಳು ಅಲ್ಲಿ ಹನ್ನೊಂದು. ಪ್ರತಿಯೊಂದಕ್ಕೂ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಎರಡು ಕೈಗೂ ಕೆಲಸ ಕೊಟ್ಟರೆ ಯಾವ ಕೈಯೂ ಅಚ್ಚಿನ ಬಾಯಿಗೆ ಹೋಗದು ಅನ್ನುವುದು ಯಂತ್ರ ಮಾಡಿದವನ ಯೋಚನೆ. ಆದರೆ ಎಡಗುಂಡಿ ಒತ್ತಿದಂತೆಯೇ ಇರಲೆಂದು ತಂತಿ ಸುತ್ತಿಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಕೆಲಸ ಓಡುತ್ತದೆ. ಗುರುವಾರ ಏಳನೆಯ ಯಂತ್ರ, ಅದನ್ನು ನಡೆಸುತ್ತಿದ್ದ ಉದ್ದಣ್ಣನ ಎಡಗೈಯ ಮೂರು ಬೆರಳು ತಿಂದಿತ್ತು.

‘ತಂತಿ ಸುತ್ತಿಕೊಂಡದ್ದು ಉದ್ದಣ್ಣನೇ, ನಾನು ಕಣ್ಣಾರೆ ಕಂಡಿದ್ದೇನೆ’ ಎಂದಿತ್ತು ಅಪ್ಪ ಬರೆಸಿದ ಕಾಗದದಲ್ಲಿ. ಕೆಳಗೆ ಮಗನ ರುಜುವಿಗೆ ಜಾಗ. ರುಜು ಬಿದ್ದರೆ ಉದ್ದಣ್ಣನಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ. ಬೀಳದಿದ್ದರೆ ಅಪ್ಪನ ಇಪ್ಪತ್ತಾರು ವರ್ಷದ ನೌಕರಿ ಮಣ್ಣುಪಾಲು. ತಂತಿ ಸುತ್ತಿದ್ದು ಮಗನ ಕೈ, ಸುತ್ತು ಎಂದದ್ದು ಅಪ್ಪನ ಬಾಯಿ.

ಅಪ್ಪ ಅವನನ್ನು ತೋಳು ಹಿಡಿದು ಸಾಮಾನಿನ ಕೋಣೆಗೆ ಎಳೆದುಕೊಂಡು ಹೋದ. ಒಳಗೆ ಹೋದದ್ದೇ ಅವನ ದನಿ ಇಳಿಯಿತು.

“ಅವನ ಬೆರಳು ಹೋಗಿದ್ದು ಹೋಯ್ತು. ನಾವೂ ಬೀದಿಗೆ ಬಿದ್ದರೆ ಅವು ಮತ್ತೆ ಚಿಗುರುತ್ತಾ? ಮೇಲಿನವರು ಬೇಗ ಬೇಗ ಅಂತ ಕುತ್ತಿಗೆ ಮೇಲೆ ಕೂತಿದ್ರು ಕಣೋ. ನಾನೇನು ಬೇಕು ಅಂತ ಮಾಡಿಸಿದ್ನಾ?”

“ಬೇಕು ಅಂತಲ್ಲಪ್ಪ. ಆದ್ರೆ ಮಾಡಿಸಿದ್ದು ನೀನೇ.”

“ತಂದೆ ಮಾತು ಮೀರಬಾರದು ಅನ್ನೋದು ನನ್ನ ಮಾತಲ್ಲ. ದೇವರ ಆಜ್ಞೆ. ಹತ್ತರಲ್ಲಿ ಐದನೇದು.”

“ಒಂಬತ್ತನೇದೂ ನೀನೇ ಕಲಿಸಿದ್ದು. ಸುಳ್ಳುಸಾಕ್ಷಿ ಹೇಳಬಾರದು ಅಂತ. ಮರೆತಾಗ ಕಿವಿ ಹಿಂಡಿದ್ದೆ.”

ಅಪ್ಪನ ಕೈ ಮೇಲೆದ್ದಿತು. ಅಷ್ಟರಲ್ಲಿ ಯಾರೋ ಹೊರಗಿನಿಂದ ಕೂಗಿದರು: “ಮೇಡಂ ಬಂದ್ರು.”

ತನಿಖೆಗೆ ಬಂದ ಅಧಿಕಾರಿಣಿ ಫೋರ್‌ಮನ್‌ನ ಗಾಜಿನ ಕೋಣೆಯಲ್ಲಿ ಕುಳಿತಳು. ಯಂತ್ರಗಳ ಗುಂಡಿಗಳೆಲ್ಲ ಈಗ ಹೊಸ ಮದುವಣಿಗರಂತೆ ಫಳಫಳ. ಬೆಳಿಗ್ಗೆಯೇ ಬಿಚ್ಚಿದ ತಂತಿಗಳು ಎಲ್ಲರ ಜೇಬಿನಲ್ಲಿ ಬೆಚ್ಚಗಿದ್ದವು. ಅವಳ ಕಾರು ಗೇಟು ದಾಟಿದರೆ ಮತ್ತೆ ಸುತ್ತುವುದೇ.

ರುಜುವಿಲ್ಲದ ಕಾಗದವನ್ನು ಅವಳು ಮಗನ ಮುಂದೆ ಸರಿಸಿದಳು. “ತಂತಿ ಸುತ್ತಿದ್ದು ಉದ್ದಣ್ಣನೇನಾ?”

“ಅಲ್ಲ. ನಾನು. ಅವನು ಒಂದು ಸಲ ಬಿಚ್ಚಿದ್ದ. ನಾನೇ ಬೈದು ಮತ್ತೆ ಸುತ್ತಿದೆ.”

ಬಾಗಿಲಲ್ಲಿ ನಿಂತ ಅಪ್ಪ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ತಪ್ಪನ್ನು ಮಗ ತಲೆ ಮೇಲೆ ಹೊತ್ತುಕೊಂಡನೆಂದು ಅಪ್ಪನಿಗೆ ಸಮಾಧಾನ.

“ನೀನೇ ಯೋಚನೆ ಮಾಡಿ ಸುತ್ತಿದ್ದಾದ್ರೆ ಈ ಒಂದು ಯಂತ್ರ ನಿಲ್ಲಿಸ್ತೀನಿ. ಯಾರಾದ್ರೂ ಹೇಳಿ ಮಾಡಿಸಿದ್ದಾದ್ರೆ ಹನ್ನೊಂದೂ ನಿಲ್ಲಬೇಕು. ನಿಜ ಹೇಳು, ಯಾರು ಹೇಳಿದ್ದು?”

‘ಯಾರೂ ಇಲ್ಲ’ ಎಂದರೆ ಮುಗಿಯುತ್ತಿತ್ತು. ಉದ್ದಣ್ಣನೂ ಉಳಿಯುತ್ತಿದ್ದ, ಅಪ್ಪನೂ ಉಳಿಯುತ್ತಿದ್ದ. ಎಷ್ಟು ಸಿಹಿಯಾದ ಸುಳ್ಳು. ಅವನು ಗಾಜಿನಾಚೆ ನೋಡಿದ. ಉಳಿದ ಹತ್ತು ಯಂತ್ರ, ಹತ್ತು ಜನ, ಇಪ್ಪತ್ತು ಕೈ.

“ಫೋರ್‌ಮನ್ ಹೇಳಿದ್ರು,” ಎಂದ. “ನಮ್ಮಪ್ಪ. ಎಲ್ಲ ಯಂತ್ರಕ್ಕೂ ಹಾಗೇ ಮಾಡಿಸಿದ್ರು.”

ಅವಳು ಬರೆದುಕೊಂಡಳು. ಯಂತ್ರಗಳು ಒಂದೊಂದಾಗಿ ನಿಂತವು. ಆ ಶೆಡ್ಡಿನಲ್ಲಿ ಇಷ್ಟು ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ನಿಂತ ಯಂತ್ರಗಳ ನಡುವೆ ಅಪ್ಪ ಅವನ ದಾರಿಗೆ ಅಡ್ಡ ಬಂದ.

“ಹೆತ್ತ ಅಪ್ಪನನ್ನ ಬೀದೀಲಿ ನಿಲ್ಲಿಸಿದೆ. ನಾಳೆ ಯಾವ ಮುಖ ಇಟ್ಕೊಂಡು ದೇವರ ಮುಂದೆ ಮೊಣಕಾಲು ಊರ್ತೀಯೋ? ಹೇಳೋ, ಎಲ್ಲರ ಮುಂದೇನೇ ಹೇಳು.”

ಉತ್ತರ ಅವನ ಬಾಯಲ್ಲೇ ಇತ್ತು. ಬೆಳಗಿನಿಂದ ಮಸೆದು ಮಸೆದು ಇಟ್ಟುಕೊಂಡಿದ್ದ ಉತ್ತರ. ಒಂದೇ ಏಟಿಗೆ ಅಪ್ಪ ತಲೆ ಎತ್ತದಂತೆ ಮಾಡುವಂಥದು. ಎಲ್ಲರೂ ಅದಕ್ಕಾಗಿಯೇ ಕಾದು ನಿಂತಿದ್ದರು.

ಅಪ್ಪನ ಗಲ್ಲ ನಡುಗುತ್ತಿತ್ತು. ಮಗ ಹಲ್ಲು ಕಚ್ಚಿ ಆ ಮಾತನ್ನು ನುಂಗಿದ. ತಲೆ ಬಗ್ಗಿಸಿ, ಅಪ್ಪನ ಭುಜಕ್ಕೆ ತಾಗದಂತೆ ಬದಿಗೆ ಸರಿದು, ಉದ್ದಣ್ಣನಿದ್ದ ಆಸ್ಪತ್ರೆಯ ಕಡೆ ನಡೆದ.